ದೀಪ ಕುಗ್ಗುವ ಹೊತ್ತು

ಹಲ್ಲಿನ ನಡುವೆ ಮರಳು, ಎಷ್ಟು ಉಗುಳಿದರೂ ಉಳಿದುಬಿಡುವ ಒಂದು ಕಣ, ಮೂರು ದಿನದಿಂದ ಇದೇ ಧೂಳುಗಾಳಿ, ಮಾಳಿಗೆಯ ಮೇಲಿನ ಸೌರ ಫಲಕಗಳೆಲ್ಲ ಕುರುಡಾಗಿವೆ, ಮುಸ್ಸಂಜೆಯಾಯಿತು, ಬ್ಯಾಟರಿ ಇಳಿಯುತ್ತಿದೆ, ಆದರೂ ಊರಿನ ದೀಪಗಳಿಗೆ ಅದರ ಸುಳಿವೇ ಇಲ್ಲ — ಸುಳಿವು ಸಿಗದಂತೆ ಮಾಡಿದವಳು ತಾನೇ, ಊರಿಗೆ ಕರೆಂಟು ಹಂಚುವ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಇಜ್ಜಾ ಅಂದುಕೊಂಡಳು, ಒಂದಿಷ್ಟೂ ಅಲುಗದ ಬೆಳಕು, ಅದಕ್ಕೇ ಅಲ್ಲವೇ ಎಲ್ಲರೂ ಬೆನ್ನು ತಟ್ಟಿದ್ದು. ಬ್ಯಾಟರಿಯಿಂದ ನೇರ ಬರುವ ಡಿಸಿ ಸಾಲು ದೀಪಕ್ಕೆ, ಟಿವಿಗೆ. ಅದನ್ನೇ ಈ ಪೆಟ್ಟಿಗೆ ಎಸಿಯಾಗಿ ತಿರುಗಿಸಿ ಕೊಡುವ ಇನ್ನೊಂದು ಸಾಲು ನೀರಿನ ಪಂಪಿಗೆ, ಕೆಳಗಿನ ಕೋಣೆಯಲ್ಲಿ ಅಪ್ಪನ ಮೂಗಿಗೆ ಆಮ್ಲಜನಕ ಊದುವ ಯಂತ್ರಕ್ಕೆ. ಎರಡಕ್ಕೂ ಬ್ಯಾಟರಿ ಒಂದೇ. ಕಳೆದ ವಾರ ಇಂಥದೇ ಗಾಳಿಯಲ್ಲಿ ಅದು ಬರಿದಾಗುವವರೆಗೂ ಊರಿಗೆಲ್ಲ ಹಬ್ಬದ ಬೆಳಕು, ಆಮೇಲೆ ಒಮ್ಮೆಗೇ ಕತ್ತಲು, ಯಂತ್ರ ನಿಂತ ಆ ಮೌನ, ಸಿಲಿಂಡರ್ ಹೊತ್ತು ತರುವಷ್ಟರಲ್ಲಿ ಅಪ್ಪನ ತುಟಿ ನೀಲಿ.

ಫಲಕ ಬರುವ ಮೊದಲು ಊರಿಗೆ ಬೆಳಕು ಕೊಟ್ಟ ಅಪ್ಪನ ಡೀಸೆಲ್ ಇಂಜಿನ್ ಹೀಗೆ ಹೇಳದೆ ಕೇಳದೆ ಹೋಗುತ್ತಿರಲಿಲ್ಲ, ಇಂಜಿನ್ ಮೋಹಾ ಅಂದರೆ ಅಪ್ಪನೇ ಅಂತ ಕಣಿವೆಗೆಲ್ಲ ಗೊತ್ತು, ನಿಲ್ಲಿಸುವ ಮೊದಲು ವೇಗ ತಗ್ಗಿಸುತ್ತಿದ್ದ, ದೀಪಗಳೆಲ್ಲ ಕೆಂಪಗೆ ಕುಗ್ಗುತ್ತಿದ್ದವು, ಏಳುತ್ತಿದ್ದವು, ಮತ್ತೆ ಕುಗ್ಗುತ್ತಿದ್ದವು, ಅಷ್ಟರೊಳಗೆ ಅಮ್ಮ ಮಗ್ಗದ ಎಳೆ ಗಂಟು ಹಾಕಬೇಕು, ತಾನು ಶಾಲೆಯ ಲೆಕ್ಕ ಮುಗಿಸಬೇಕು, ಪಕ್ಕದ ಮಾಳಿಗೆಯಿಂದ ಫಾದ್ಮಾ ದೊಡ್ಡಮ್ಮನ ಕೂಗು, ಏ ಮೋಹಾ, ರೊಟ್ಟಿ ಇನ್ನೂ ಹಸಿ ಕಣೋ, ನಿನ್ನ ಇಂಜಿನ್ನಿಗೆ ಆಗಲೇ ನಿದ್ದೆ ಬಂತಾ, ಇಂಜಿನ್ನಿಗಲ್ಲ ಅತ್ತಿಗೆ, ನನಗೆ, ಬೇಕಾದ್ರೆ ನೀವೇ ಬಂದು ತಿರುಗಿಸಿ — ಆಮೇಲೆ ಅಪ್ಪ ಬರುವನು, ಎಣ್ಣೆ, ಹೊಗೆ, ಪುದೀನ ಚಹಾ ಎಲ್ಲ ಒಂದೇ ಅಂಗಿಯಲ್ಲಿ, ತಾನು ಆ ಅಂಗಿಗೆ ಮುಖ ಒತ್ತಿ ನಿದ್ದೆ ಹೋಗುವಳು, ಆ ಹೊಗೆಯೇ ಈಗ ಅವನ ಎದೆಯಲ್ಲಿ ಕೂತಿರುವುದು, ಆದರೂ ಆ ವಾಸನೆ ಮತ್ತೊಮ್ಮೆ ಸಿಕ್ಕಿದ್ದರೆ ಅನ್ನಿಸುವುದೇಕೆ. ಇವತ್ತು ಬೆಳಿಗ್ಗೆ ಮನೆಮನೆಗೆ ಹೋಗಿ ಹೇಳಿದಳಲ್ಲ, ಸಂಜೆ ಟಿವಿ ಹಾಕಬೇಡಿ, ಅಪ್ಪನ ಯಂತ್ರ ನಿಂತೀತು, ಹೋಗೇ ಇಂಜಿನಿಯರಮ್ಮ, ದೀಪ ಇಷ್ಟು ಚೆನ್ನಾಗಿ ಉರೀತಿದೆ, ಸುಮ್ನೆ ಹೆದರಿಸ್ತೀಯ ಅಂದಳು ಫಾದ್ಮಾ ದೊಡ್ಡಮ್ಮ, ಈಗ ನೋಡಿದರೆ ಅವಳ ಮನೆಯಲ್ಲೇ ಟಿವಿಯ ಹಾಡು ಎಲ್ಲಕ್ಕಿಂತ ಜೋರು.

ಬೆಳಕು ಅಲುಗದಂತೆ ಪೆಟ್ಟಿಗೆಯಲ್ಲಿ ತಾನು ಕಟ್ಟಿದ ಬಿಗಿಯನ್ನು ಸಡಿಲಿಸಿದರೆ ಡಿಸಿ ಸಾಲು ಬ್ಯಾಟರಿಯ ಜೊತೆಗೇ ಇಳಿಯುತ್ತದೆ, ದೀಪ ಮಂಕಾಗುತ್ತದೆ, ಬ್ಯಾಟರಿಯಲ್ಲಿ ಉಸಿರಿರುವ ತನಕ ಯಂತ್ರಕ್ಕೇನೂ ಆಗದು, ಆದರೆ ಅಪ್ಪನ ಆ ಹಳೆಯ ಸನ್ನೆ ಯಾರಿಗೆ ನೆನಪಿದ್ದೀತು, ಇಜ್ಜಾಳ ಪೆಟ್ಟಿಗೆ ಕೆಟ್ಟಿತು ಅಂತ ನಕ್ಕು ಹಾಡು ಕೇಳುತ್ತಲೇ ಕೂತರೆ — ಬೆರಳು ಗುಂಡಿ ಒತ್ತಿಯೇಬಿಟ್ಟಿತು. ಕಣಿವೆಯ ಬೆಳಕೆಲ್ಲ ನಿಧಾನಕ್ಕೆ ಕುಗ್ಗಿತು, ಎಷ್ಟು ವರ್ಷವಾಯಿತು ಹೀಗೆ ಕುಗ್ಗಿ, ಯಾರೂ ಅಲುಗಲಿಲ್ಲ, ಹಾಡು ನಡೆದೇ ಇದೆ, ಇಲ್ಲ, ಮರೆತಿದ್ದಾರೆ, ಓಡಬೇಕು, ಸಿಲಿಂಡರ್ — ಪಕ್ಕದ ಮನೆಯಿಂದ ದೊಡ್ಡಮ್ಮನ ಕೂಗು, ಏ ಹುಡುಗ್ರಾ, ಮೋಹಾ ತಗ್ಗಿಸಿದ ಕಣ್ರೋ, ಆರ್ಸಿ, ಆರ್ಸಿ ಬೇಗ! ಹಾಡು ತುಂಡಾಯಿತು. ದೊಡ್ಡಮ್ಮನ ಕಿಟಕಿ ಕಪ್ಪಾಯಿತು, ಅದರ ಆಚೆಯದು, ಅದರಾಚೆಯದು, ಕೆಳಗೆ ಯಂತ್ರ ಉಸಿರೆಳೆಯುತ್ತಲೇ ಇದೆ, ಇನ್ನೊಂದು ಕಿಟಕಿ ಕಪ್ಪು, ಇನ್ನೊಂದು, ಕಪ್ಪು ಕಿಟಕಿ, ಕಪ್ಪು ಕಿಟಕಿ