ಎಡಗಡೆಯ ಜಾಗ

"ಏನಮ್ಮಿ, ಇಮಾನ ಓಡ್ಸೋಳ್ಗೆ ಫೋನ್ ಎತ್ತಾಕೆ ಭಯವಾ?"

ಹೊಗೆಸೊಪ್ಪಿನ ಎಲೆಯೊಂದನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಲೇ ಮರಮ್ಮ ಮಗಳನ್ನು ಕೇಳಿದಳು. ಗಾವಡಗೆರೆಯ ನಂಜಣ್ಣನ ಕೊಟ್ಟಿಗೆಯಲ್ಲಿ ಹೆಂಗಸರು ಗೋಣಿಚೀಲ ಹಾಸಿಕೊಂಡು, ಸಾಲಾಗಿ ಕೂತು ಸೊಪ್ಪು ವಿಂಗಡಿಸುತ್ತಿದ್ದರು. ಅವ್ವನಿಗೆ ಊಟ ತಂದಿದ್ದ ಸಂಘಮಿತ್ರ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಫೋನು ಅದುರಿ ಅದುರಿ ಸುಮ್ಮನಾಯಿತು.

ವಿಮಾನಗಳು ನಿಂತ ವರ್ಷ ಕಂಪನಿ ಸಂಘಮಿತ್ರಳನ್ನೂ ಸೇರಿಸಿ ಕಿರಿಯ ಪೈಲಟ್‌ಗಳನ್ನೆಲ್ಲ ಮನೆಗೆ ಕಳಿಸಿತ್ತು. ಅವರ ಕೆಲಸ ಪೂರ್ತಿ ಹೋಗದಿರಲೆಂದು ಹಿರಿಯರೆಲ್ಲ ತಮ್ಮ ಸಂಬಳ ಕಡಿಮೆ ಮಾಡಿಕೊಂಡಿದ್ದರು. ಮೊದಲು ಒಪ್ಪಿದವರು ಅವಳ ಜೊತೆ ಹಾರುತ್ತಿದ್ದ ಕ್ಯಾಪ್ಟನ್ ಶಿವನಂಜಪ್ಪ. ಆಮೇಲೆ ಕೊರೊನಾ ಅವರನ್ನೇ ಕರೆದೊಯ್ದಿತು. ಈಗ ಕಂಪನಿ ಮನೆಯಲ್ಲಿದ್ದವರನ್ನು ವಾಪಸು ಕರೆಯುತ್ತಿತ್ತು. ಸಂಜೆಯೊಳಗೆ ಹೂಂ ಅನ್ನದಿದ್ದರೆ ಅವಳ ಜಾಗ ಹೋದಂತೆಯೇ.

"ಕ್ಯಾಪ್ಟನ್ ಕೂರೋದು ನನ್ನ ಎಡಗಡೆ ಕಣವ್ವ. ಅಲ್ಲಿ ಬೇರೆ ಯಾರೇ ಕೂತ್ರೂ ನಂಗೆ ಶಿವನಂಜಪ್ಪ ಸಾರ್ ದನಿನೇ ಕೇಳ್ತದೆ. ಮನೇಲಿ ಪಾತ್ರೆ ತೊಳೀವಾಗ್ಲೂ 'ಗೇರ್ ಅಪ್' ಅಂತಾರೆ. ಚಕ್ರ ಎತ್ತೋ ಹಿಡಿಗೆ ಅಂತ ಕೈ ತಾನಾಗೇ ಮುಂದಕ್ಕೋಯ್ತದೆ."

"ಅಯ್ಯೋ, ನಿಮ್ಮನೆ ಲೋಟ ಎಲ್ಲಾ ಸೊಟ್ಟಗಾಗಿರದು ಅದ್ಕೇಯಾ!" ಎಂದು ಪಕ್ಕದ ಸಾಲಿನ ಪುಷ್ಪಾ ನಕ್ಕಳು.

ಮರಮ್ಮ ನಗಲಿಲ್ಲ. ಸಂಘಮಿತ್ರ ಅವ್ವನ ಎಡಗಡೆ ಹಾಸಿದ್ದ ಖಾಲಿ ಚೀಲದ ಮೇಲೆ ಕೂರಲು ಬಗ್ಗಿದಾಗ, ಮರಮ್ಮ ಅವಳ ವೇಲು ಹಿಡಿದೆಳೆದಳು.

"ಅಲ್ ಬ್ಯಾಡ. ಬಸವಮ್ಮಕ್ಕನ ಜಾಗ ಅದು. ಈ ಕಡೆ ಬಾ."

"ಯಾವ ಬಸವಮ್ಮ?"

"ನೀನು ನೋಡಿಲ್ಲ ಬುಡು. ನಿನ್ನ ಹೆತ್ತು ನಾನು ಮನೇಲಿದ್ದೆ. ಮೇಸ್ತ್ರಿ ನನ್ನ ಜಾಗ್ದಲ್ಲಿ ಬ್ಯಾರೆಯವಳ ಕೂರುಸ್ತೀನಿ ಅಂದ್ನಂತೆ. ಆಯಮ್ಮ ತನ್ನ ರಾಶಿಯಿಂದ ಒಂದು ಹಿಡಿ ತಗ್ದು ನನ್ನ ಚೀಲದ ಮ್ಯಾಲೆ ಹಾಕಿದ್ಲು. ಅವಳ ನೋಡಿ ಎಲ್ರೂ ಹಾಕುದ್ರು. ದಿನಾ ಸಂಜೆ ಮೇಸ್ತ್ರಿ ಬಂದಾಗ ನನ್ನ ರಾಶಿನೂ ಇರ್ತಿತ್ತು. ನಾನು ವಾಪಸ್ ಬರೋಷ್ಟರಲ್ಲಿ ಆಯಮ್ಮನೇ ಕೆಮ್ಮಿ ಕೆಮ್ಮಿ ತೀರೋಗಿದ್ಲು."

"ಭಯ ಆಗ್ನಿಲ್ವಾ ಅವ್ವ, ಪಕ್ಕದಲ್ಲೇ ಕೂರಾಕೆ?"

"ಆಗ್ದೆ ಏನು? ಈಗ್ಲೂ ಕೆಮ್ತಾಳೆ, ಈ ಕಿವಿಗೆ ಕೇಳ್ತದೆ. 'ವಸಿ ಅತ್ತಗೆ ಸರ್ಕೊಳಕ್ಕ, ನಂಗೂ ಕೆಲ್ಸ ಅದೆ' ಅಂತೀನಿ." ಮರಮ್ಮ ಇನ್ನೊಂದು ಎಲೆ ಎತ್ತಿಕೊಂಡಳು. "ಸರ್ಕೋತಾಳೆ."

ಫೋನು ಮತ್ತೆ ಅದುರಿತು. ಸಂಘಮಿತ್ರ ಒಂದು ಗಳಿಗೆ ಅದನ್ನೇ ನೋಡಿ, ಕಿವಿಗಿಟ್ಟುಕೊಂಡಳು.

"ಹೂಂ ಸಾರ್. ಬರ್ತೀನಿ."

ಮರಮ್ಮ ತಲೆ ಎತ್ತಲಿಲ್ಲ. "ಬಟ್ಟೆ ಎತ್ತಿಕ್ಕೋ ಓಗು. ಬಿಳಿಕೆರೆ ಮ್ಯಾಲೆ ಓಗೋ ಬಸ್ಸು ಇನ್ನೇನ್ ಬತ್ತದೆ," ಎಂದಳು.

ಸಂಘಮಿತ್ರ ಎದ್ದಳು. ಖಾಲಿ ಚೀಲ ದಾಟಿದರೆ ಬಾಗಿಲು ಎರಡೇ ಹೆಜ್ಜೆ. ಅವಳು ವೇಲಿನ ತುದಿ ಚೀಲಕ್ಕೆ ತಾಕದಂತೆ ಒತ್ತಿ ಹಿಡಿದು, ಗೋಡೆಯ ಪಕ್ಕದಿಂದ ಸುತ್ತಿಕೊಂಡು ಹೊರಗೆ ಹೋದಳು.