ರೇಷನ್ ಸೋಪು, ಮೂರು ಚುಕ್ಕೆ

ಅಲ್ಯೂಮಿನಿಯಂ ತಗಡು ಎಷ್ಟು ಕಾಯಿಸಿದರೂ ಕೆಂಪಗಾಗುವುದಿಲ್ಲ. ಇದು ಕಾವೆಂಟ್ರಿಯ ಥರ್ಲೋ ಕಾರ್ಖಾನೆಯ ತಗಡು ಬಡಿಯುವ ಶೆಡ್ಡಿನಲ್ಲಿ ಒಬ್ಬ ಗಂಡಸಿಗೂ ಗೊತ್ತಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಸೀಟು ಹೊಲಿಯುತ್ತಿದ್ದ ಹೆಸ್ಟರ್ ಟ್ರಾಂಟರ್‌ಗೆ ಗೊತ್ತಿತ್ತು.

ಗಂಡಸರೆಲ್ಲ ಉಕ್ಕು ಬಡಿದು ಕೈ ಪಳಗಿದವರು. ಉಕ್ಕು ಕಾದರೆ ಕೆಂಪಗಾಗುತ್ತದೆ, ಕೆಂಪಗಾದರೆ ಹೇಳಿದ ಮಾತು ಕೇಳುತ್ತದೆ. ಆದರೆ ಯುದ್ಧ ಮುಗಿದು ಮೂರು ವರ್ಷವಾದರೂ ಉಕ್ಕಿಗೆ ಸರ್ಕಾರದ ಪರವಾನಗಿ ಬೇಕಿತ್ತು. ಅಲ್ಯೂಮಿನಿಯಂ ಮಾತ್ರ ಬೇಕಾದಷ್ಟು ಸಿಗುತ್ತಿತ್ತು. ಅದರಲ್ಲೇ ಥರ್ಲೋ ಯಜಮಾನರು ತಮ್ಮ ಹೊಸ ಕಾರನ್ನು ಕಟ್ಟಿಸುತ್ತಿದ್ದರು. ಇಬ್ಬರೇ ಕೂರುವ, ನೆತ್ತಿಯ ಮೇಲೆ ಚಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ಸವರಿಕೊಂಡು ಓಡುವ ಗಾಡಿ. ಲಂಡನ್ನಿನ ಮೋಟಾರು ಪ್ರದರ್ಶನಕ್ಕೆ ಒಂಬತ್ತೇ ದಿನ ಉಳಿದಿತ್ತು. ಎಂಜಿನ್ ಸಿದ್ಧ, ಸೀಟು ಸಿದ್ಧ. ಮುಂದಿನ ಎರಡು ಮಡ್‌ಗಾರ್ಡು ಮಾತ್ರ ಇಲ್ಲ.

ಆ ಮಡ್‌ಗಾರ್ಡಿನ ಬಾಗು ಬಲು ಆಳ. ಕಾಯಿಸಿ ಮೆತ್ತಗೆ ಮಾಡದೆ ಬಡಿದರೆ ತಗಡು ಸೀಳುತ್ತದೆ. ಮೇಸ್ತ್ರಿ ಸಿರಿಲ್ ಬ್ಯಾಗ್ನಲ್ ಗ್ಯಾಸಿನ ಬೆಂಕಿಯ ಕೊಳವೆ ಹಿಡಿದು ಕೆಂಪಿಗಾಗಿ ಕಾಯುತ್ತಾ ನಿಂತ. ತಗಡು ಬೆಳ್ಳಗಿತ್ತು, ಬೆಳ್ಳಗೇ ಇತ್ತು, ಆಮೇಲೆ ಒಮ್ಮೆಲೇ ಒದ್ದೆ ಬಟ್ಟೆಯ ಹಾಗೆ ಕುಸಿದು ಬಿತ್ತು. ಅದು ಮೂರನೆಯದು.

ಹೆಸ್ಟರ್ ಬಾಗಿಲಲ್ಲಿ ನಿಂತು ನೋಡಿದಳು. ಈ ಗಂಡಸರು ದಂಡಿನಲ್ಲಿ ಟ್ಯಾಂಕು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಅವಳು ಇದೇ ಶೆಡ್ಡಿನಲ್ಲಿ ನಾಲ್ಕು ವರ್ಷ ವಿಮಾನದ ತಗಡು ಬಾಗಿಸಿದವಳು. ಒಂದರ ಮೇಲೊಂದು ಕೂತ ಎರಡು ಉಕ್ಕಿನ ಚಕ್ರಗಳ ನಡುವೆ ತಗಡನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಆ ಯಂತ್ರ ಅವಳ ಕೈಯ ಬಿಸಿ ಬಲ್ಲದು. ಅವಳಿಗೆ ಕೆಲಸ ಕಲಿಸಿದ ಮುದುಕ ಪೆಗ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಗಂಡಸರು ಮರಳಿದ ವಾರವೇ ಅವಳ ಹಾಜರಿ ಕಾರ್ಡು ತಗಡಿನ ಶೆಡ್ಡಿನ ಗೋಡೆಯಿಂದ ಹೊಲಿಗೆ ಶೆಡ್ಡಿನ ಗೋಡೆಗೆ ಹೋಗಿತ್ತು. ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಮರುದಿನ ಬೆಳಿಗ್ಗೆ ಅವಳು ತನ್ನ ಕಾರ್ಡನ್ನು ತಾನೇ ತಂದು, ತಗಡಿನ ಶೆಡ್ಡಿನ ಗೋಡೆಯ ಕಾರ್ಡುಗೂಡುಗಳ ಸಾಲಲ್ಲಿ ಪೆಗ್‌ನ ಖಾಲಿ ಗೂಡಿನಲ್ಲಿ ಸಿಕ್ಕಿಸಿದಳು.

ಬ್ಯಾಗ್ನಲ್ ಅದನ್ನು ಎರಡು ಬೆರಳಲ್ಲಿ ಎತ್ತಿದ. "ಏನ್ ತಾಯಿ, ದಾರಿ ತಪ್ಪಿತಾ? ಸೂಜಿ ದಾರ ಆ ಕಡೆ."

"ದಾರಿ ತಪ್ಪಿದ್ದು ನಿಮ್ಮ ತಗಡಿಗೆ, ಮೇಸ್ತ್ರಿಗಳೇ. ಮೂರು ಸಲ ನೆಲಕ್ಕೆ ಬಿತ್ತು."

ಯಾರೋ ಕಿಸಕ್ಕೆಂದರು. ಬ್ಯಾಗ್ನಲ್ ಕಾರ್ಡನ್ನು ಹಿಂದಕ್ಕೆ ಕಳಿಸಿದ. ಆದರೆ ಯಜಮಾನರ ಕಿವಿಗೆ ಮಾತು ಬಿದ್ದಿತ್ತು. ಹೋಗುವುದು ಇನ್ನೊಂದು ತಗಡು ತಾನೇ, ಒಂದು ಸಲ ನೋಡೋಣ ಎಂದರು.

ಹೆಸ್ಟರ್ ಏಪ್ರನ್ನಿನ ಜೇಬಿನಿಂದ ಸೋಪು ತೆಗೆದಳು. ರೇಷನ್ನಿನ ಸೋಪು, ಆ ತಿಂಗಳು ಮೈಗೂ ಬಟ್ಟೆಗೂ ಇದ್ದದ್ದು ಅಷ್ಟೇ. ತಗಡಿನ ಮೈಗೆಲ್ಲ ತಿಕ್ಕಿ, ಹಿಂಬದಿಯಿಂದ ಬೆಂಕಿ ಆಡಿಸಿದಳು. ಸೋಪು ಹಳದಿಯಾಯಿತು, ಕಂದು ಬಣ್ಣಕ್ಕೆ ಬಂತು, ಕಪ್ಪಿಗೆ ತಿರುಗಿತು. ಸೋಪು ಕಪ್ಪಾದರೆ ತಗಡು ಮೆತ್ತಗಾಯಿತೆಂದೇ ಲೆಕ್ಕ. ಬೆಂಕಿ ಆರಿಸಿಬಿಟ್ಟಳು. ತಗಡು ಆರಿದ ಮೇಲೆ ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿದರೆ, ಹದವಾದ ಹಿಟ್ಟಿನಂತೆ ಇಳಿಯಿತು. ಎರಡು ದಿನ ಬಡಿದಳು, ಚಕ್ರಕ್ಕೆ ಕೊಟ್ಟು ನಯ ಮಾಡಿದಳು. ಬಲಗಡೆಯ ಮಡ್‌ಗಾರ್ಡು ಮರದ ಅಚ್ಚಿನ ಮೇಲೆ ಕೂತಾಗ ನಡುವೆ ಒಂದು ಕಾಗದವೂ ತೂರಲಿಲ್ಲ.

ಬಡಿದವರು ಒಳಮೈಗೆ ತಮ್ಮ ಗುರುತು ಹಾಕುವುದು ಆ ಶೆಡ್ಡಿನ ಪದ್ಧತಿ. ಹೆಸ್ಟರ್ ಉಳಿಯಿಂದ ಮೂರು ಚುಕ್ಕೆ ಹೊಡೆದಳು. ಯುದ್ಧದ ಕಾಲದಲ್ಲಿ ಅವಳ ಗುರುತು ಅದೇ.

ಬ್ಯಾಗ್ನಲ್ ಆ ಚುಕ್ಕೆಗಳನ್ನು ಉಜ್ಜಿ ಅಳಿಸಲು ಅರ ಹಿಡಿದು ಬಂದ. ಗುರುತು ಈ ಶೆಡ್ಡಿನವರಿಗೆ ಮಾತ್ರ, ಅವಳು ಕೈಸಾಲಕ್ಕೆ ಬಂದವಳು, ಎಡಗಡೆಯದನ್ನು ಮುಗಿಸಿ ಸೂಜಿಗೆ ಮರಳಲಿ ಎಂದ.

ಹೆಸ್ಟರ್ ಅವನಿಗೂ ಮಡ್‌ಗಾರ್ಡಿಗೂ ನಡುವೆ ನಿಂತಳು. "ಗುರುತು ಅಳಿಸಿದರೆ ಇದನ್ನ ನಾನೇ ಬಡಿದು ಚಪ್ಪಟೆ ಮಾಡ್ತೀನಿ. ಮಾಡಿದ ಕೈಗೆ ಮುರಿಯೋಕೂ ಬರುತ್ತೆ."

ಅರ ಇಳಿಯಿತು. ಅವಳು ಸುತ್ತಿಗೆ ಕೆಳಗಿಟ್ಟು, ಉಳಿದ ಸೋಪಿನ ಚೂರನ್ನು ಜೇಬಿಗೆ ಹಾಕಿಕೊಂಡು ಹೊಲಿಗೆ ಶೆಡ್ಡಿಗೆ ನಡೆದಳು. ಎಡಗಡೆಯದನ್ನು ಶೆಡ್ಡಿನವರೇ ಮಾಡಿಕೊಳ್ಳಲಿ, ಇಲ್ಲವೆಂದರೆ ಒಕ್ಕಣ್ಣಿನ ಕುದುರೆಯ ಹಾಗೆ ಒಂದೇ ಮಡ್‌ಗಾರ್ಡಿನ ಗಾಡಿಯನ್ನು ಲಂಡನ್ನಿಗೆ ಕಳಿಸಲಿ ಎಂದು ಹೇಳಿಯೇ ಹೋದಳು.

ಶೆಡ್ಡಿನವರು ಮಾಡಿನೋಡಿದರು. ಬ್ಯಾಗ್ನಲ್ ಮನೆಯಿಂದ ಸೋಪು ತಂದು ಬಳಿದ. ಆದರೆ ಕಪ್ಪಾದರೂ ನಿಲ್ಲಿಸಲಿಲ್ಲ. ಹಳೆಯ ಕಣ್ಣು ಕೆಂಪನ್ನೇ ಹುಡುಕುತ್ತಿತ್ತು. ನಾಲ್ಕನೆಯದೂ ನೆಲ ಸೇರಿತು. ಹೆಸ್ಟರ್ ಗೋಡೆಯಾಚೆ ಅದರ ಸದ್ದು ಕೇಳಿದಳು. ತಗಡಿನ ಸಂಕಟ ಅವಳಿಗೆ ಗೊತ್ತು. ಆದರೂ ಏಳಲಿಲ್ಲ. ಬ್ರೆಡ್ಡು ತಿಂದಳು, ಚಹಾ ಕುಡಿದಳು, ಹೊಲಿದಳು.

ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿದ್ದ ಬೆಳಿಗ್ಗೆ ಹೊಲಿಗೆ ಶೆಡ್ಡಿನ ಗೋಡೆಯಲ್ಲಿ ಅವಳ ಕಾರ್ಡು ಇರಲಿಲ್ಲ. ಕೆಲಸದಿಂದ ತೆಗೆದರೆಂದುಕೊಂಡಳು. ತೆಗೆಯಲಿ, ಸೋಪಿನ ವಿದ್ಯೆಯನ್ನು ಕಸಿದುಕೊಳ್ಳಲಾರರಲ್ಲ ಎಂದು ತಿರುಗಿದರೆ ಬ್ಯಾಗ್ನಲ್ ನಿಂತಿದ್ದ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಅರ್ಧ ಸೋಪು.

"ನನ್ನ ಹೆಂಡತಿದು," ಎಂದ ಸೋಪು ತೋರಿಸಿ. "ಈ ವಾರ ಅಂಗಿ ಒಗೆಯಲ್ಲ ಅಂದಿದಾಳೆ."

"ಪ್ರದರ್ಶನ ಮುಗಿದ ಮೇಲೆ?"

ಅವನು ಕಾರ್ಡನ್ನು ಮುಂದೆ ಚಾಚಿದ. "ಪೆಗ್‌ನ ಗೂಡು ನಿಂದೇ."

"ಬರೀ ಬಾಯಲ್ಲಿ ಬೇಡ. ನಡೀರಿ, ಎಲ್ಲರೆದುರಿಗೆ ನೀವೇ ಸಿಕ್ಕಿಸಿ."

ಅವನು ಮುಂದೆ, ಅವಳು ಹಿಂದೆ. ಶೆಡ್ಡಿನಲ್ಲಿ ಸುತ್ತಿಗೆಗಳು ಒಂದೊಂದಾಗಿ ನಿಂತವು. ಕಾರ್ಡು ಗೂಡಿನೊಳಗೆ ಪೂರ್ತಿ ಇಳಿಯುವವರೆಗೂ ಹೆಸ್ಟರ್ ಕಣ್ಣು ಕೀಳಲಿಲ್ಲ. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಿಸಿ, ಬ್ಯಾಗ್ನಲ್ ಹೆಂಡತಿಯ ಸೋಪನ್ನು ಎಡಗಡೆಯ ತಗಡಿಗೆ ತಿಕ್ಕತೊಡಗಿದಳು.