ಮೇಲಿನ ಬೋಲ್ಟು

ಪಿಕಪ್ಪಿನ ಗೇರು ಬಹಳ ದಿನಗಳಿಂದ ಗೊಣಗುತ್ತಿತ್ತು. ಎರಡರಿಂದ ಮೂರಕ್ಕೆ ಹಾಕುವಾಗ ಕರ್ರೆನ್ನುತ್ತಿತ್ತು. ದಿಬ್ಬದ ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಗೇರು ಹಾಕಿದರಂತೂ ಗಾಡಿ ಜಗ್ಗಿ ಜಗ್ಗಿ ಹೋಗುತ್ತಿತ್ತು. ಮರಳೋ ಇಟ್ಟಿಗೆಯೋ ಹೊರುವವನಾಗಿದ್ದರೆ ಹಾಗೇ ದೂಡಿಕೊಂಡು ಹೋಗಬಹುದಿತ್ತು. ಅವನು ಹೊರುತ್ತಿದ್ದುದು ಕಿಟಕಿ ಗಾಜು. ಹೋದ ವಾರ ಗುಡ್ಡದ ಮೇಲೆ ಕಟ್ಟುತ್ತಿದ್ದ ಮನೆಗೆ ಒಯ್ಯುವಾಗ ಆಳೆತ್ತರದ ಗಾಜೊಂದು ಅವನ ಬೆನ್ನ ಹಿಂದೆಯೇ ಚೂರುಚೂರಾಯಿತು. ಗಾಜಿನ ಅಂಗಡಿಯವರು ಬೈಯಲಿಲ್ಲ. ಗಾಡಿ ಸರಿಯಾಗುವವರೆಗೆ ಲೋಡು ಬೇಡ ಎಂದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ರೋಗ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೇರ್ ಬಾಕ್ಸಿನ ಆಯಿಲ್ ಹಳತಾಗಿತ್ತು. ಅದರ ಹಿಂದೆ ಅಂಟಿಕೊಂಡು ಮುಂದಿನ ಚಕ್ರಗಳಿಗೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನದೂ ಅದೇ ಕಥೆ. ಅರ್ಧ ದಿನದ ಕೆಲಸ. ಹೊಸ ಆಯಿಲ್ ಡಬ್ಬಗಳು ಅಡುಗೆಮನೆಯ ಬಾಗಿಲ ಹಿಂದೆ ಧೂಳು ತಿನ್ನುತ್ತ ಕೂತು ಯಾವ ಕಾಲವಾಗಿತ್ತೋ. ಇವತ್ತು ಸೊಂಟ ನೋವು, ನಾಳೆ ಮೋಡ, ನಾಳಿದ್ದು ಸ್ಪ್ಯಾನರ್ ಸಿಗುವುದಿಲ್ಲ. ಕುಂಟು ನೆಪಕ್ಕೆ ಈ ಮನುಷ್ಯನಲ್ಲಿ ಎಂದೂ ಬರವಿಲ್ಲ. ನಿಜವಾದ ಕಾರಣವನ್ನು ಮಾತ್ರ ಹೆಂಡತಿಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಟ್ರಾನ್ಸ್‌ಫರ್ ಕೇಸಿನೊಳಗೆ ಇದ್ದದ್ದು ಮಗಳು ತುಂಬಿದ ಆಯಿಲ್. ಅದನ್ನು ಬಸಿದು ಚೆಲ್ಲಲು ಅವನಿಗೆ ಕೈ ಬರುತ್ತಿರಲಿಲ್ಲ.

ಮಗಳನ್ನು ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದರು. ಊದಿದರೆ ಹಾರಿಹೋಗುವಂತಿದ್ದಳು, ಆದರೆ ಕೈಗೆ ಸ್ಪ್ಯಾನರ್ ಸಿಕ್ಕರೆ ರಾಕ್ಷಸಿ. ಅಪ್ಪನ ಜೊತೆ ಗಾಡಿಯ ಕೆಳಗೆ ತೂರಿ ತೂರಿ ಕೆಲಸ ಕಲಿತವಳು, ಬೆಳೆದ ಮೇಲೆ ದೂರದ ಊರಿನಲ್ಲಿ ಲಿಫ್ಟ್ ರಿಪೇರಿಯ ಕೆಲಸ ಹಿಡಿದಳು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಲ್ಲಿಲ್ಲದ ಯಾವ ನಟ್ಟು ಬೋಲ್ಟು ಅಲ್ಲಿದೆ ಎಂದು ಕೂಗಾಡಿದ. ಹೋಗುವುದಾದರೆ ಹೋಗು, ಆಮೇಲೆ ವಾರವಾರ ಓಡಿ ಬರಬೇಡ, ಬೇಕಾದಾಗ ನಾನೇ ಕರೆಯುತ್ತೇನೆ ಎಂದೂ ಅಂದುಬಿಟ್ಟ. ಹೊರಡುವ ಹಿಂದಿನ ದಿನ ಅವಳು ತಾನೇ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಬದಲಾಯಿಸಿದಳು. ಅವನು ಮುಖ ಊದಿಸಿಕೊಂಡು ಒಳಗೇ ಕೂತಿದ್ದ, ಹೊರಗೆ ಇಣುಕಿಯೂ ನೋಡಲಿಲ್ಲ.

ಹೋದ ಮೇಲೆ ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಅಪ್ಪಾ, ಆಯಿಲ್ ಬದಲಾಯಿಸೋ ಟೈಮ್ ಆಯ್ತಾ ಎಂದು. ನನ್ನ ಗಾಡಿ ನನಗೆ ಗೊತ್ತು, ನೀನು ನಿನ್ನ ಲಿಫ್ಟು ನೋಡಿಕೋ ಎಂದು ಫೋನನ್ನು ಹೆಂಡತಿಯ ಕೈಗೆ ದಾಟಿಸುತ್ತಿದ್ದ. ಮೊನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವಳು ತನಗೇ ಪಾಠ ಹೇಳುತ್ತಾಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನೂ ಹೋಗುತ್ತಿರಲಿಲ್ಲ. ಆಮೇಲೆ ಜ್ವರವೆಂದು ಅವಳು ಆಸ್ಪತ್ರೆ ಸೇರಿದಳು. ಗಂಡ ಹೆಂಡತಿ ಬಿದ್ದು ಎದ್ದು ಓಡಿ ತಲುಪುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಕಡ್ಡಿ ಮನೆಗೆ ಬರಲೇ ಇಲ್ಲ.

ಗಾಜು ಒಡೆದ ಮೇಲೆ ನೆಪಗಳಿಗೂ ದಾರಿ ಉಳಿಯಲಿಲ್ಲ. ಬೆಳಿಗ್ಗೆ ಗಾಡಿಯನ್ನು ಒಂದು ಸುತ್ತು ಓಡಿಸಿ ಆಯಿಲ್ ಬೆಚ್ಚಗೆ ಮಾಡಿಕೊಂಡು ಬಂದು, ಮನೆಯ ಪಕ್ಕದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ತೂರಿದ. ಗೇರ್ ಬಾಕ್ಸಿನ ಬೋಲ್ಟು ಅವನೇ ಬಿಗಿ ಮಾಡಿದ್ದು, ಮರುಮಾತಾಡದೆ ಬಿಚ್ಚಿಕೊಂಡಿತು. ಕಪ್ಪು ಆಯಿಲ್ ಬಾಣಲೆಗೆ ಸುರಿಯಿತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಮೆತ್ತಿಕೊಂಡಿದ್ದ ಕಬ್ಬಿಣದ ಪುಡಿಯನ್ನು ಒರೆಸಿ, ಹೊಸ ಆಯಿಲ್ ತುಂಬಿ ಮುಚ್ಚಿದ. ಆಮೇಲೆ ಹೊರಗೆ ಬಂದು ನೀರು ಕುಡಿದ. ತೊಳೆದ ಕೈಯನ್ನೇ ಮತ್ತೆ ತೊಳೆದ. ಬೇರೆ ಕೆಲಸವೇನೂ ಕಾಣದೆ ಮತ್ತೆ ಒಳಗೆ ತೂರಿದ.

ಟ್ರಾನ್ಸ್‌ಫರ್ ಕೇಸಿಗೆ ಎರಡು ಬೋಲ್ಟು. ಮೇಲಿನದು ತುಂಬುವುದಕ್ಕೆ, ಕೆಳಗಿನದು ಬಸಿಯುವುದಕ್ಕೆ. ಮೊದಲು ಮೇಲಿನದನ್ನೇ ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಎಲ್ಲ ಬಸಿದ ಮೇಲೆ ಮೇಲಿನದು ಕೈಕೊಟ್ಟರೆ ಹೊಸ ಆಯಿಲ್ ತುಂಬಲು ಜಾಗವಿಲ್ಲ, ಗಾಡಿ ನಿಂತಲ್ಲೇ ನಿಂತಂತೆ. ಕಡ್ಡಿಗೆ ಅವನು ಹೇಳಿಕೊಟ್ಟ ಮೊದಲ ಪಾಠ ಇದೇ. ಸ್ಪ್ಯಾನರ್ ಕೂರಿಸಿ ಒತ್ತಿದ. ಮೇಲಿನ ಬೋಲ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕಾಲು ಕೊಟ್ಟು ಒತ್ತಿದ, ಸುತ್ತಿಗೆಯಿಂದ ತಟ್ಟಿದ, ಬೆವರು ಕಣ್ಣಿಗಿಳಿಯಿತು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು.

"ಕತ್ತೆ. ಎಷ್ಟು ಸಲ ಹೇಳಿದೀನಿ, ಬೋಲ್ಟಿನ ಕತ್ತು ಹಿಸುಕಬೇಡ ಅಂತ."

ಬಾಯಿ ತನ್ನ ಪಾಡಿಗೆ ತಾನು ಬೈದುಬಿಟ್ಟಿತ್ತು, ಅವಳು ಪಕ್ಕದಲ್ಲೇ ಮಲಗಿ ಕಿಸಕ್ಕನೆ ನಗುತ್ತಾಳೆ ಎಂಬಂತೆ. ಕಿವಿಗೆ ಅದು ಬಿದ್ದ ಮೇಲೆ ಅವನು ಸ್ಪ್ಯಾನರ್ ಕೆಳಗಿಟ್ಟ. ಹಾಗೇ ಅಂಗಾತ ಬಿದ್ದುಕೊಂಡ. ಗಾಡಿಯ ಪಕ್ಕದಲ್ಲಿ ಹೆಂಡತಿಯ ಪಾದಗಳು ಕಾಣುತ್ತಿದ್ದವು. ಯಾವಾಗ ಬಂದು ನಿಂತಿದ್ದಳೋ.

"ಅವಳನ್ನ ಬೈಬೇಡಿ ರೀ," ಎಂದಳು. "ಒಬ್ಳೇ ಬಿಗಿ ಮಾಡಿದ್ದಲ್ಲ ಅದು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿದ್ಲು. ತುದೀಲಿ ನಾನಿದ್ದೆ."

"ನೀನಾ? ಯಾಕೆ?"

ಅವಳು ಕೆಳಗೆ ಕೂತಳು. ಈಗ ಮುಖ ಕಾಣಿಸಿತು. ಹೇಳಲೋ ಬೇಡವೋ ಎಂದು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು.

"ಇಷ್ಟು ಬಿಗಿ ಇದ್ರೆ ಅಪ್ಪಂಗೆ ಬಿಚ್ಚೋಕೆ ಆಗಲ್ಲಮ್ಮ ಅಂದ್ಲು. ಆಗ ಬೇರೆ ದಾರಿ ಇರಲ್ಲ, ನನ್ನನ್ನ ಬಾ ಅಂತ ಕರೀಲೇಬೇಕು ಅಂದ್ಲು. ನಿಮಗೆ ಹೇಳಬಾರದು ಅಂತ ಆಣೆ ಬೇರೆ ಹಾಕಿಸ್ಕೊಂಡ್ಲು."

ಪ್ರತಿ ಫೋನಿನಲ್ಲೂ ಮಗಳು ಕೇಳಿದ್ದು ಆಯಿಲ್ಲಿನ ಸಮಾಚಾರ ಅಲ್ಲ. ನಾನು ಬರಲಾ ಅಪ್ಪಾ ಎಂದು ಕೇಳಿದ್ದಳು, ಅಷ್ಟು ಸಲ ಕೇಳಿದ್ದಳು, ಅಷ್ಟು ಸಲವೂ ಅವನು ಬೇಡ ಎಂದಿದ್ದ. ಗಾಡಿಯ ಹೊಟ್ಟೆಯ ಕೆಳಗೆ, ಎಣ್ಣೆ ಮೆತ್ತಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅವನು ಗಟ್ಟಿಯಾಗಿ ಅತ್ತ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಹೆಂಡತಿ ತಡೆಯಲಿಲ್ಲ. ಕೈ ಚಾಚಿದರೆ ಸಿಕ್ಕಿದ್ದು ಅವನ ಮೊಣಕಾಲು, ಅದನ್ನೇ ಹಿಡಿದು ಕೂತಳು.

ಅವನ ಅಳು ತಗ್ಗಿದ ಮೇಲೆ ಅವಳೇ ಎದ್ದು ಹಿತ್ತಲಿನಿಂದ ಪೈಪ್ ತಂದಳು. ಅವನು ಒಳಗಿನಿಂದ ಸ್ಪ್ಯಾನರ್ ಒತ್ತಿ ಹಿಡಿದ, ಅವಳು ಹೊರಗೆ ನಿಂತು ಪೈಪಿನ ತುದಿ ಎಳೆದಳು. ಟಪ್ಪೆಂದು ಸದ್ದಾಗಿ ಬೋಲ್ಟು ಸಡಿಲವಾಯಿತು. ಇಬ್ಬರಿಗೂ ಸಂತೋಷವಾಗಲಿಲ್ಲ. ಕೆಳಗಿನದನ್ನು ಬಿಚ್ಚಿದಾಗ ಆಯಿಲ್ ಬಂತು, ಇನ್ನೂ ಬೆಚ್ಚಗೇ ಇತ್ತು. ಅವನು ಬೆರಳುಗಳನ್ನು ಅದರ ಧಾರೆಗೆ ಒಡ್ಡಿ, ಹನಿ ನಿಲ್ಲುವವರೆಗೂ ಹಿಂತೆಗೆಯಲಿಲ್ಲ.

ಕೆಳಗಿನದನ್ನು ಮುಚ್ಚಿ, ಮೇಲಿನ ತೂತಿನಿಂದ ತುಳುಕುವವರೆಗೆ ಹೊಸ ಆಯಿಲ್ ತುಂಬಿದ. ಬೋಲ್ಟನ್ನು ಕೈಯಿಂದಲೇ ತಿರುಗಿಸಿ ಕೂರಿಸಿದ, ಸ್ಪ್ಯಾನರಿನಿಂದ ಒಂದು ಸಣ್ಣ ಒತ್ತು ಕೊಟ್ಟ. ಹೆಂಡತಿ ಪೈಪನ್ನು ಬಗ್ಗಿ ಮುಂದೆ ಹಿಡಿದಳು.

"ಬೇಡ ಕಣೆ," ಎಂದ. "ಮುಂದಿನ ಸಲ ನಾವೇ ಬಿಚ್ಚಬೇಕಲ್ಲ."